ನ್ಯಾಯದ ವಚನಗಳ ಜಗಳ ನಾನು ಬಿಡಿಸಿದ್ದು ಹೀಗೆ

ಬೈಬಲಿನಲ್ಲಿ ನ್ಯಾಯದ ಬಗ್ಗೆ ಒಂದಕ್ಕೊಂದು ಎದುರು ನಿಲ್ಲುವ ವಚನಗಳನ್ನು ಹೊಂದಿಸಿ ಓದಲು ಹೊರಟಾಗ, "ಇದು ಆಗೋ ಕೆಲಸ ಅಲ್ಲ" ಎಂದು ನಮ್ಮ ಅಧ್ಯಯನ ಗುಂಪಿನ ಹಿರಿಯರೊಬ್ಬರು ಹೇಳಿ ಎರಡು ವರ್ಷವಾಯಿತು. ಈಗ ಅವರೇ ನನ್ನ ನೋಟ್‌ಬುಕ್ ಕೇಳುತ್ತಾರೆ.

ಮೊದಲು ಕೆಟ್ಟ ಕಥೆ. ಹಳೆಯ ಒಡಂಬಡಿಕೆ ಅಂದರೆ ಶಿಕ್ಷೆ, ಹೊಸದು ಅಂದರೆ ಕ್ಷಮೆ ಎಂದು ಎರಡು ಕಾಲಂ ಹಾಕಿದೆ. ಮೂರು ವಾರವೂ ಬಾಳಲಿಲ್ಲ. ಸೇಡು ಬೇಡ, ನೆರೆಯವನನ್ನು ಪ್ರೀತಿಸು ಅನ್ನುವುದು ಯಾಜಕಕಾಂಡ 19ರಲ್ಲೇ ಇದೆ. ಕಾಣಿಕೆಯ ಹಣದಲ್ಲಿ ಸುಳ್ಳು ಹೇಳಿದ ದಂಪತಿ ಅನನೀಯ, ಸಪ್ಫೈರ ಸತ್ತು ಬಿದ್ದದ್ದು ಹೊಸದರಲ್ಲಿ. ಆಮೇಲೆ ವ್ಯಾಖ್ಯಾನ ಪುಸ್ತಕಗಳಿಗೆ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ ಸುರಿದೆ. ಎರಡರ ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿಲ್ಲ.

ಕೈ ಹಿಡಿದದ್ದು ಒಂದು ಸಣ್ಣ ಪ್ರಶ್ನೆ: ಈ ಮಾತು ಯಾರ ಕಿವಿಗೆ? ಸುಮಾರು 130 ವಚನಗಳ ಪಕ್ಕ ಉತ್ತರ ಬರೆದೆ. ಕಣ್ಣಿಗೆ ಕಣ್ಣು ಅನ್ನುವುದು ತೀರ್ಪು ಕೊಡುವವರಿಗೆ. ಧರ್ಮೋಪದೇಶಕಾಂಡ 19ರಲ್ಲಿ ನ್ಯಾಯಾಧಿಪತಿಗಳು ಕೂತೇ ಇದ್ದಾರೆ. ಇನ್ನೊಂದು ಕೆನ್ನೆ ತೋರಿಸು ಅನ್ನುವ ಮತ್ತಾಯ 5 ಪೆಟ್ಟು ತಿಂದವನಿಗೆ. ಮೂರು ನಾಲ್ಕು ತಲೆಮಾರಿನ ಶಿಕ್ಷೆ, ವಿಗ್ರಹಕ್ಕೆ ಅಡ್ಡಬೀಳಲು ಹೊರಟವನಿಗೆ ಎಚ್ಚರಿಕೆ. ಅಪ್ಪನ ಪಾಪ ಮಗ ಹೊರುವುದಿಲ್ಲ ಅನ್ನುವ ಯೆಹೆಜ್ಕೇಲ 18 ಮಾತ್ರ 'ಹುಳಿ ದ್ರಾಕ್ಷಿ ತಿಂದವರು ಅಪ್ಪಂದಿರು, ಹಲ್ಲು ಜುಮ್ಮೆಂದಿದ್ದು ಮಕ್ಕಳಿಗೆ' ಎಂದು ಗೊಣಗುತ್ತಿದ್ದವರಿಗೆ. ನಂಬಿಕೆ ಸಾಕು ಅನ್ನುವ ಪೌಲ, ನಡತೆಯೂ ಬೇಕು ಅನ್ನುವ ಯಾಕೋಬ ಇಬ್ಬರೂ ಅಬ್ರಹಾಮನ ನಂಬಿಕೆಯ ವಚನ ಆದಿಕಾಂಡ 15:6ನ್ನೇ ಹಿಡಿದು ಎದುರುಬದುರು ನಿಲ್ಲುತ್ತಾರಲ್ವಾ? ಒಬ್ಬ ಸುನ್ನತಿಯನ್ನು ನೆಚ್ಚಿದವರಿಗೆ ಹೇಳುತ್ತಿದ್ದಾನೆ. ಇನ್ನೊಬ್ಬ, ಹಸಿದವನನ್ನು ಒಳ್ಳೆಯ ಮಾತಾಡಿ ಬರಿಗೈಲಿ ಕಳಿಸಿದವರಿಗೆ. ಜರ್ಮನಿಯ ಚರ್ಚ್ ಸುಧಾರಕ ಲೂಥರ್ ಯಾಕೋಬನ ಪತ್ರವನ್ನು, ತೂಕವಿಲ್ಲದ್ದು ಅನ್ನುವ ಅರ್ಥದಲ್ಲಿ, ಹುಲ್ಲಿನ ಪತ್ರ ಎಂದಿದ್ದ. ನನ್ನ ನೋಟ್‌ಬುಕ್ ನಿಂತಿರುವುದೇ ಆ ಹುಲ್ಲಿನ ಮೇಲೆ.

ನಡುವೆ, ಯೇಸುವನ್ನು ಕಂಡು ಬದಲಾದ ಸುಂಕದವನು ಜಕ್ಕಾಯನ ಲೆಕ್ಕ ಹಾಕಿ ನೋಡಿದೆ. ತಾನಾಗಿ ತಪ್ಪೊಪ್ಪಿಕೊಂಡರೆ ಅಸಲು, ಜೊತೆಗೆ ಐದನೇ ಒಂದು ಪಾಲು ಸಾಕು (ಅರಣ್ಯಕಾಂಡ 5). ನೂರು ಕಸಿದಿದ್ದರೆ 120. ಅವನು 400 ಕೊಡುತ್ತೇನೆಂದ, ಕುರಿ ಕದ್ದು ಮಾರಿದವನ ದರ! ಕ್ಷಮೆ ಅಂದರೆ ಸಾಲ ಮನ್ನಾ ಅನ್ನುವವರಿಗೆ ಇದನ್ನು ತೋರಿಸಿ.

ತಪ್ಪಿಲ್ಲದೆ ನರಳಿದ ಯೋಬನ ಪುಸ್ತಕದಲ್ಲಿ ನನ್ನ ಪ್ರಶ್ನೆ ತೋಪಾಯಿತು ಅಂದುಕೊಂಡಿದ್ದೆ. ಪಾಪ ಮಾಡಿದ್ದಕ್ಕೇ ಈ ಕಷ್ಟ ಎಂದು ಅವನ ಗೆಳೆಯರು ಹೇಳುವುದೆಲ್ಲ ಬೇರೆ ಕಡೆ ಸರಿಯಾದ ಮಾತೇ. ಆದರೂ 42ನೇ ಅಧ್ಯಾಯದಲ್ಲಿ ದೇವರಿಂದ ಬೈಸಿಕೊಳ್ಳುತ್ತಾರೆ. ಮಾತು ಸರಿ, ಕಿವಿ ತಪ್ಪು.

ಗುಂಪಿಗೆ ಯಾವ ಕ್ರಮದಲ್ಲಿ ಓದಿಸಿದೆ ಅನ್ನುವುದು ಸದ್ಯ ನನ್ನ ಬಳಿಯೇ ಇರಲಿ. ಯೇಸು ಹೇಳಿದ ದ್ರಾಕ್ಷಿತೋಟದ ಕೂಲಿಯಾಳುಗಳ ಕಥೆ (ಮತ್ತಾಯ 20) ಕೊನೆಗಿತ್ತು, ಅಷ್ಟು ಹೇಳಬಲ್ಲೆ. ಒಂದು ಗಂಟೆ ದುಡಿದವನಿಗೂ ದಿನದ ಪೂರ್ತಿ ಕೂಲಿ ಅಂದಾಗ ಅದೇ ಹಿರಿಯರಿಗೆ ಸಿಟ್ಟು ಬಂತು. ಹಿಂದಿನ ಅಧ್ಯಾಯ ತಿರುಗಿಸಿ, ಎಲ್ಲ ಬಿಟ್ಟು ಬಂದ ನಮಗೇನು ಸಿಗುತ್ತದೆ ಎಂದು ಶಿಷ್ಯ ಪೇತ್ರ ಯೇಸುವನ್ನು ಕೇಳಿದ್ದನ್ನು ಓದಲು ಹೇಳಿದೆ. ಓದಿ ಸುಮ್ನೆ ಕೂತರು.