ಮರಿಗೆ ಹುಂಜ ಬಿಡುವ ಮುನ್ನ

ಹಿತ್ತಲ ಕೋಳಿ ಸಾಕಣೆಯಲ್ಲಿ ಹುಂಜದ ಆಯ್ಕೆ ಸಾಮಾನ್ಯವಾಗಿ ನಡೆಯುವುದು ಹೀಗೆ: ದಪ್ಪಗಿದ್ದು, ಜುಟ್ಟು ಕೆಂಪಗಿದ್ದದ್ದು ಉಳಿಯುತ್ತದೆ, ಮಿಕ್ಕವು ಹಬ್ಬದ ಸಾರಿಗೆ ಹೋಗುತ್ತವೆ. ಮೂರ್ನಾಲ್ಕು ತಲೆಮಾರು ಕಳೆಯುವಷ್ಟರಲ್ಲಿ ಮೊಟ್ಟೆ ಇಳಿಯುತ್ತದೆ, ಕಾವಿಗಿಟ್ಟವೂ ಸರಿಯಾಗಿ ಒಡೆಯುವುದಿಲ್ಲ. ಆಗ ಮನೆಗೆ ಟಾನಿಕ್ ಬಾಟಲಿ ಬರುತ್ತದೆ. ದುಡ್ಡು ದಂಡ. ಟಾನಿಕ್ಕಿನಿಂದ ಜೀನ್ ಬದಲಾಗುವುದಿಲ್ಲ.

ಮೊದಲು ಮಾಂಸವೋ ಮೊಟ್ಟೆಯೋ ತೀರ್ಮಾನಿಸಿ. ಇವೆರಡೂ ಒಂದನ್ನೊಂದು ಹಿಂದಕ್ಕೆ ಎಳೆಯುವ ಗುಣಗಳು; ತೂಕಕ್ಕಾಗಿಯೇ ಆರಿಸುತ್ತ ಹೋದರೆ ಮೊಟ್ಟೆ ಕಡಿಮೆಯಾಗುತ್ತದೆ. ತೂಕ ವಂಶದಲ್ಲಿ ಚೆನ್ನಾಗಿ ಇಳಿದು ಬರುವ ಗುಣವಾದ್ದರಿಂದ ಹುಂಜವನ್ನು ತಕ್ಕಡಿಗೆ ಹಾಕಿದರೆ ಸಾಕು. ಮೊಟ್ಟೆ ಹಾಗಲ್ಲ. ಅದರ ಮೇಲೆ ವಂಶದ ಹಿಡಿತ ಕಡಿಮೆ, ಮೇವು-ಬೆಳಕಿನದು ಹೆಚ್ಚು, ಮೇಲಾಗಿ ಹುಂಜ ಮೊಟ್ಟೆ ಇಡುವುದಿಲ್ಲ. ಅದರ ಯೋಗ್ಯತೆ ತಿಳಿಯಬೇಕಾದರೆ ತಾಯಿ ಮತ್ತು ಅಕ್ಕತಂಗಿಯರ ಲೆಕ್ಕ ನೋಡಬೇಕು.

ಜನ ಎಡವುವುದು ಈ ಲೆಕ್ಕದಲ್ಲೇ. ‘ಆ ಕಪ್ಪು ಹೇಂಟೆ ದಿನಾ ಇಡುತ್ತದೆ’ ಎನ್ನುವ ಬಾಯಿಮಾತು ನಂಬಬೇಡಿ. ಒಂದೇ ಗೂಡಿನಲ್ಲಿ ನಾಲ್ಕು ಹೇಂಟೆ ಇಡುವಾಗ ಯಾರದ್ದು ಯಾವುದೆಂದು ಹೇಳುವುದು ಹೇಗೆ? ಹಳ್ಳಿಯ ಹೆಂಗಸರಿಗೆ ಗೊತ್ತಿರುವ ಉಪಾಯ ಈಗಲೂ ಒಳ್ಳೆಯದೇ: ಬೆಳಿಗ್ಗೆ ಗೂಡು ತೆಗೆಯುವಾಗ ಹೇಂಟೆಯನ್ನು ಹಿಡಿದು, ಹಿಂಭಾಗವನ್ನು ಬೆರಳಿನಿಂದ ಮುಟ್ಟಿ ನೋಡಿ, ಮೊಟ್ಟೆ ಇದ್ದರೆ ಇಡುವವರೆಗೂ ಬುಟ್ಟಿ ಮುಚ್ಚಿಬಿಡುವುದು. ಮೊಟ್ಟೆ ಸಿಕ್ಕ ಕೂಡಲೇ ಅದರ ಮೇಲೆ ಪೆನ್ಸಿಲ್‌ನಲ್ಲಿ ಹೇಂಟೆಯ ನಂಬರು, ತಾರೀಕು ಬರೆಯಿರಿ. ಸ್ಕೆಚ್ ಪೆನ್ ಬೇಡ. ಹೇಂಟೆಯ ಗುರುತಿಗೆಂದು ಕಾಲಿನ ಉಂಗುರ ಕೊಳ್ಳುವಾಗ ಸುರುಳಿಯಾಕಾರದ್ದನ್ನೇ ಕೊಳ್ಳಿ. ಅಗ್ಗದ ಪ್ಲಾಸ್ಟಿಕ್ಕಿನದು ಬಿಸಿಲಿಗೆ ಪುಡಿಯಾಗುತ್ತದೆ. ಮೂರು ತಿಂಗಳ ಲೆಕ್ಕ ಸಿಕ್ಕರೂ ಒಳ್ಳೆಯ ಹೇಂಟೆ ಯಾವುದೆಂದು ತಿಳಿಯುತ್ತದೆ.

ಗಿರಿರಾಜ, ಸ್ವರ್ಣಧಾರ ಸಾಕುವವರಿಗೆ ಬೇರೆಯೇ ಮಾತು. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಇವೆರಡೂ ಬೆರಕೆ ಕೋಳಿಗಳು. ಇವುಗಳ ಮೊಟ್ಟೆಯನ್ನೇ ಮನೆಯಲ್ಲಿ ಮರಿ ಮಾಡಿಸಿದರೆ ಬೆರಕೆಯಿಂದ ಬಂದ ಹುರುಪು ಮುಂದಿನ ತಲೆಮಾರಿಗೆ ಅರ್ಧಕ್ಕರ್ಧ ಇಳಿಯುತ್ತದೆ. ಮರಿಗಳೂ ಒಂದೊಂದು ಒಂದೊಂದು ಥರ. ಇವನ್ನು ಪ್ರತಿ ಸಲ ಹೊಸದಾಗಿ ತರುವುದೇ ಲೇಸು. ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಮರಿಗಳ ಕಡೆ ತಿರುಗಿಯೂ ನೋಡಬೇಡಿ. ಅವು ಬಹುಪಾಲು ಮೊಟ್ಟೆ ತಳಿಯ ಗಂಡುಮರಿಗಳು, ಎಷ್ಟು ತಿನ್ನಿಸಿದರೂ ಮೈ ತುಂಬುವುದಿಲ್ಲ.

ಜುಟ್ಟು ನೋಡಿ ಮರುಳಾಗುವವರಿಗೆ ಇನ್ನೊಂದು ಮಾತು. ಚಪ್ಪಟೆಯಾಗಿ ಮುಳ್ಳುಮುಳ್ಳಾಗಿರುವ ಗುಲಾಬಿ ಜುಟ್ಟಿನ ಜೀನ್ ತಂದೆ-ತಾಯಿ ಇಬ್ಬರಿಂದಲೂ ಬಂದಿದ್ದರೆ ಆ ಹುಂಜದ ವೀರ್ಯಾಣುಗಳ ಓಟ ಕುಂದುತ್ತದೆ, ಮರಿಯಾಗದ ಬೊಕ್ಕ ಮೊಟ್ಟೆ ಹೆಚ್ಚುತ್ತದೆ. ನಾನಾದರೆ ಒಂಟಿ ಜುಟ್ಟಿನದನ್ನೇ ಇಟ್ಟುಕೊಳ್ಳುತ್ತೇನೆ. ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಸಾಕುವವರು ಬೋಳು ಕುತ್ತಿಗೆಯ ಹುಂಜವನ್ನು ಕುರೂಪಿ ಎಂದು ಸಾರಿಗೆ ಹಾಕಬಾರದು. ಆ ಒಂದು ಜೀನ್ ಪುಕ್ಕವನ್ನು ಸುಮಾರು ಶೇ 20ರಷ್ಟು ಕಡಿಮೆ ಮಾಡುತ್ತದೆ, ಎರಡೂ ಕಡೆಯಿಂದ ಬಂದರೆ ಶೇ 40ರಷ್ಟು. ಮೈಯ ಕಾವು ಸಲೀಸಾಗಿ ಹೊರಹೋಗುವುದರಿಂದ ಬೇಸಿಗೆಯಲ್ಲೂ ಮೇವು ತಿನ್ನುತ್ತದೆ, ಬೆಳೆಯುತ್ತದೆ.

ಇನ್ನು ಹುಂಜ ಬದಲಿಸುವುದು. ಹತ್ತು ಹೇಂಟೆಗೆ ಒಂದೇ ಹುಂಜ ಬಿಟ್ಟು, ಅದರ ಮಗನನ್ನೇ ಮುಂದಕ್ಕೆ ಉಳಿಸಿಕೊಂಡು ಹೋದರೆ ಮಂದೆಯಲ್ಲಿ ರಕ್ತಸಂಬಂಧ ತಲೆಮಾರಿಗೆ ಸುಮಾರು ಶೇ 14ರಂತೆ ಏರುತ್ತದೆ. ಎರಡು ಹುಂಜ ಇದ್ದರೆ ಶೇ 7.5. ಮರಿ ಒಡೆಯದಿರುವುದು, ಒಡೆದವೂ ಬದುಕದಿರುವುದು ಮೊದಲ ಸೂಚನೆ. ವರ್ಷಕ್ಕೊಮ್ಮೆ ದೂರದ ಊರಿನಿಂದ ಹುಂಜ ತನ್ನಿ; ಪಕ್ಕದ ಮನೆಯದು ನಿಮ್ಮದರ ಅಣ್ಣನೇ ಆಗಿರಬಹುದು. ತಂದದ್ದನ್ನು ಮೂರು ವಾರ ಬೇರೆ ಕಟ್ಟಿಹಾಕಿ, ಕೊಕ್ಕರೆ ರೋಗ (ರಾಣಿಖೇತ್) ಇಲ್ಲ ಎಂದು ಖಾತ್ರಿಯಾದ ಮೇಲೆ ಬಿಡಿ. ಹಳೆಯ ಹುಂಜವನ್ನು ಅದೇ ಮೂರು ವಾರ ಮೊದಲೇ ಹೊರಗೆ ಹಾಕಬೇಕು. ಹೇಂಟೆಯ ಮೊಟ್ಟೆನಾಳದಲ್ಲಿ ವೀರ್ಯ ಎರಡು ಮೂರು ವಾರ ಜೀವಂತವಾಗಿ ಉಳಿಯುತ್ತದೆ, ಅವಸರಪಟ್ಟು ಕಾವಿಗಿಟ್ಟರೆ ಹಳೆಯದರ ಮರಿಗಳೇ ಹೊಸದರ ಹೆಸರಿನಲ್ಲಿ ಲೆಕ್ಕ ಸೇರುತ್ತವೆ.

ರೋಗದ ವಿಷಯದಲ್ಲೂ ವಂಶ ಕೆಲಸ ಮಾಡುತ್ತದೆ. ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಚಾಚಿ ಮಲಗಿಸುವ ಮ್ಯಾರೆಕ್ಸ್ ರೋಗವನ್ನು ‘ಬಿ21’ ಎಂಬ ಜೀನ್ ಗುಂಪಿರುವ ಕೋಳಿಗಳು ಹೆಚ್ಚು ತಡೆದುಕೊಳ್ಳುತ್ತವೆ. ಮನೆಯಲ್ಲಿ ಇದನ್ನು ಪರೀಕ್ಷಿಸಲಾಗದು. ಯಾವ ತಾಯಿಯ ಮರಿಗಳು ಹೆಚ್ಚು ಸತ್ತವೆಂದು ಬರೆದಿಟ್ಟು, ಆ ಸಾಲಿನ ಹುಂಜ ಬಿಡಬೇಡಿ. ಹಾಗೆಂದು ಲಸಿಕೆ ತಪ್ಪಿಸುವುದು ಶುದ್ಧ ಮೂರ್ಖತನ.

ಆಯ್ದ ಮೊಟ್ಟೆಗಳನ್ನು ಚೂಪು ತುದಿ ಕೆಳಗೆ ಮಾಡಿ ಕೂಡಿಟ್ಟು, ವಾರದೊಳಗೆ ನಾಟಿ ಹೇಂಟೆಯ ಕೆಳಗಿಡಿ. 21 ದಿನಕ್ಕೆ ಮರಿ. ಗಂಡುಮರಿಗಳನ್ನು ಸಂತೆಗೆ ಒಯ್ಯುವ ಆತುರ ಬೇಡ: ಅವುಗಳ ಅಕ್ಕತಂಗಿಯರು ಮೊಟ್ಟೆಗೆ ಬಂದು ಮೂರು ತಿಂಗಳ ಲೆಕ್ಕ ಸಿಗುವವರೆಗೆ ಪ್ರತಿ ತಾಯಿಯ ಸಾಲಿನಿಂದ ಒಂದೊಂದು ಹುಂಜವನ್ನಾದರೂ ಉಳಿಸಿಕೊಳ್ಳಿ.