ಸೇನಾಪತಿ ಬಾಪಟ್ ರಸ್ತೆಯ ಏರು

ಓದುವವರಿಗೆ ವ್ಯಾಯಾಮಕ್ಕೆ ಸಮಯವೇ ಸಿಗುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಮಯ ಇದ್ದೇ ಇರುತ್ತದೆ. ಪುಣೆಯಲ್ಲಿ ಅದನ್ನು ನಾವು ಸಿಗ್ನಲ್ಲಿನಲ್ಲಿ ಸ್ಕೂಟರಿನ ಮೇಲೆ ಕುಳಿತು, ಮುಂದಿನ ಬಸ್ಸಿನ ಹೊಗೆ ಕುಡಿಯುತ್ತಾ ಕಳೆಯುತ್ತೇವೆ. ಧಾರವಾಡದಿಂದ ಎಂ.ಎಸ್ಸಿ. ಓದಲು ಬಂದ ನಾನು ಕೋಥ್ರೂಡ್‌ನಲ್ಲಿ ಸೋದರಮಾವನ ಮನೆಯಲ್ಲಿದ್ದೇನೆ. ಅಲ್ಲಿಂದ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯಕ್ಕೆ ಏಳೆಂಟು ಕಿಲೋಮೀಟರ್. ಸೈಕಲ್ಲಿನಲ್ಲಿ ಅರ್ಧ ಗಂಟೆಯ ಹಾದಿ. ಬೆಳಗಿನ ದಟ್ಟಣೆಯಲ್ಲಿ ಸ್ಕೂಟರಿಗೂ ಅದಕ್ಕಿಂತ ಬಹಳ ಕಡಿಮೆ ಸಮಯವೇನೂ ಸಾಕಾಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಬೇಕು. ಕಠಿಣ ಶ್ರಮವಾದರೆ 75ರಿಂದ 150 ನಿಮಿಷ ಸಾಕು. ಹೋಗಿಬರಲು ದಿನಕ್ಕೆ ಒಂದು ಗಂಟೆಯಂತೆ ವಾರಕ್ಕೆ ಐದು ದಿನ ಸೈಕಲ್ ತುಳಿದರೆ ಲೆಕ್ಕ ತನ್ನಷ್ಟಕ್ಕೆ ಮುಗಿಯಿತು.

ಆದರೆ ಬರೀ ನಿಮಿಷ ಎಣಿಸಿದರೆ ಸಾಲದು, ಉಸಿರು ಏರಬೇಕು. ನನ್ನ ದಾರಿಯಲ್ಲಿ ಆ ಕೆಲಸವನ್ನು ಸೇನಾಪತಿ ಬಾಪಟ್ ರಸ್ತೆ ಮಾಡುತ್ತದೆ. ಕರ್ವೆ ರಸ್ತೆಯಲ್ಲಿ ನಳ್ ಸ್ಟಾಪ್ ತನಕ ಬಂದು ಲಾ ಕಾಲೇಜು ರಸ್ತೆಗೆ ಹೊರಳಿದರೆ ಮರಗಳ ನೆರಳು, ಸುಲಭದ ಹಾದಿ. ಅಲ್ಲಿ ಹಾಡು ಗುನುಗಿಕೊಂಡೇ ತುಳಿಯಬಹುದು. ಮುಂದೆ ವೇತಾಳ ಟೇಕಡಿ ಮತ್ತು ಹನುಮಾನ್ ಟೇಕಡಿ ಎಂಬ ಗುಡ್ಡಗಳ ನಡುವೆ ರಸ್ತೆ ಏರುತ್ತದೆ. ಏರು ಶುರುವಾದೊಡನೆ ಹಾಡು ನಿಲ್ಲುತ್ತದೆ, ಮಾತು ಮಾತ್ರ ಸಾಧ್ಯ. ಅದು ಮಧ್ಯಮ ಶ್ರಮದ ಗುರುತು. ಇನ್ನಷ್ಟು ಮೇಲೆ ಹೋದಾಗ ಎರಡು ಮೂರು ಪದಕ್ಕೊಮ್ಮೆ ಉಸಿರೆಳೆದುಕೊಳ್ಳಬೇಕಾಗುತ್ತದೆ. ಅದು ಕಠಿಣ ಶ್ರಮ. ಯಾವ ಯಂತ್ರವೂ ಇಲ್ಲದೆ ಶ್ರಮ ಅಳೆಯಲು ಇದಕ್ಕಿಂತ ಸರಳ ಉಪಾಯ ನನಗೆ ಗೊತ್ತಿಲ್ಲ. ನೆತ್ತಿ ದಾಟಿದರೆ ಚತುಃಶೃಂಗಿ ದೇವಸ್ಥಾನದ ಕಡೆಗೆ ಇಳಿಜಾರು, ಬೆವರಿಗೆ ಗಾಳಿ. ಏರನ್ನು ತಪ್ಪಿಸಿಕೊಂಡು ಫರ್ಗ್ಯುಸನ್ ಕಾಲೇಜು ರಸ್ತೆಯಿಂದ ಹೋಗಲು ಅನೇಕರು ಹೇಳಿದರು. ನನಗೆ ಆ ಏರೇ ಬೇಕು.

ಮೈಗೆ ಗುಣ ಹತ್ತುತ್ತಿದೆಯೋ ಇಲ್ಲವೋ ಎಂಬುದನ್ನು ತೂಕದ ಯಂತ್ರ ಹೇಳುವುದಿಲ್ಲ, ನಾಡಿ ಹೇಳುತ್ತದೆ. ನಾನು ಮಾಡುವುದು ಮೂರು ನಿಮಿಷಗಳ ಮೆಟ್ಟಿಲು ಪರೀಕ್ಷೆ. ಸುಮಾರು 30 ಸೆಂಟಿಮೀಟರ್ ಎತ್ತರದ ಮೆಟ್ಟಿಲು ಬೇಕು. ನಿಮಿಷಕ್ಕೆ 24 ಸಲ ಹತ್ತಿ ಇಳಿಯಬೇಕು. ಮೊಬೈಲಿನ ತಾಳಯಂತ್ರವನ್ನು ನಿಮಿಷಕ್ಕೆ 96ಕ್ಕೆ ಇಟ್ಟರೆ ಒಂದೊಂದು ಟಿಕ್ಕಿಗೆ ಒಂದೊಂದು ಹೆಜ್ಜೆ: ಬಲಗಾಲು ಮೇಲೆ, ಎಡಗಾಲು ಮೇಲೆ, ಬಲಗಾಲು ಕೆಳಗೆ, ಎಡಗಾಲು ಕೆಳಗೆ. ಮೂರು ನಿಮಿಷವಾದ ತಕ್ಷಣ ಕುಳಿತು ಪೂರ್ತಿ ಒಂದು ನಿಮಿಷ ನಾಡಿ ಎಣಿಸಬೇಕು. ನಮ್ಮ ಮನೆಯ ಅಂಗಳದ ಕಟ್ಟೆ ಅಳತೆಗೆ ಸರಿಯಾಗಿದೆ. ಅತ್ತೆ ಗಡಿಯಾರ ಹಿಡಿದು ನಿಲ್ಲುತ್ತಾರೆ, ನಾನು ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಎಣಿಸುತ್ತೇನೆ. ಮೊದಲ ಸಲ ನೂರಿಪ್ಪತ್ತರ ಮೇಲಿದ್ದ ಎಣಿಕೆ ಮಳೆಗಾಲ ಕಳೆಯುವ ಹೊತ್ತಿಗೆ ನೂರರ ಸಮೀಪಕ್ಕೆ ಇಳಿಯಿತು. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳತೊಡಗಿದರೆ ಅದೇ ಕೆಲಸಕ್ಕೆ ಕಡಿಮೆ ಬಡಿತ ಸಾಕು. ಆ ದಿನ ಅತ್ತೆ, “ಇನ್ನು ನಿನ್ನ ಸೈಕಲ್ಲಿಗೆ ನಾನು ಬೇಡ ಅನ್ನುವುದಿಲ್ಲ ತಂಗಿ, ಆದರೆ ಹೆಲ್ಮೆಟ್ ಇಲ್ಲದೆ ಬಾಗಿಲು ದಾಟಬೇಡ” ಎಂದರು. ದಾಟುವುದಿಲ್ಲ.

ಸೈಕಲ್ ಸರಿಮಾಡಿಕೊಟ್ಟವರು ಮಾವ. ಅವರು ಖಡ್ಕಿಯ ಕಾರ್ಖಾನೆಗೆ ಸೈಕಲ್ ತುಳಿದೇ ದುಡಿದವರು. ಪುಣೆಯನ್ನು ಸೈಕಲ್ಲುಗಳ ನಗರ ಎಂದು ಕರೆಯುತ್ತಿದ್ದ ಕಾಲದವರು. ಪೆಡಲ್ ತೀರಾ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು, ಸೀಟಿನ ಎತ್ತರ ಅಷ್ಟಿರಲಿ ಎಂದು ತೋರಿಸಿಕೊಟ್ಟರು. ಸೀಟು ತಗ್ಗಿದ್ದರೆ ಮಂಡಿ ನೋಯುತ್ತದೆ. ವಾರಕ್ಕೊಮ್ಮೆ ಟಯರಿಗೆ ಗಾಳಿ, ಮಳೆಯಲ್ಲಿ ನೆನೆದ ಮೇಲೆ ಚೈನಿಗೆ ಎಣ್ಣೆ. ಚೀಲ ಬೆನ್ನಿಗಲ್ಲ, ಹಿಂದಿನ ಕ್ಯಾರಿಯರಿಗೆ. ಬೆನ್ನಿನ ಬೆವರು ಅರ್ಧ ಕಡಿಮೆಯಾಗುತ್ತದೆ. ಒಂದು ಕುರ್ತಾ, ಒಂದು ಟವೆಲ್ ಸದಾ ಪ್ರಯೋಗಾಲಯದ ಕಪಾಟಿನಲ್ಲಿರುತ್ತವೆ.

ನನ್ನ ಗೆಳತಿಗೆ ಸೈಕಲ್ ಒಗ್ಗುವುದಿಲ್ಲ. ಅವಳು ಮೆಟ್ರೋದಲ್ಲಿ ಶಿವಾಜಿನಗರಕ್ಕೆ ಬಂದು ಅಲ್ಲಿಂದ ರಿಕ್ಷಾ ಹಿಡಿಯದೆ ಬೀಸುಹೆಜ್ಜೆ ಹಾಕುತ್ತಾಳೆ. ಒಂದೇ ಸಮನೆ ಹತ್ತು ನಿಮಿಷವಾದರೂ ಶ್ರಮಪಟ್ಟರೆ ಮಾತ್ರ ಲೆಕ್ಕಕ್ಕೆ ಎಂಬ ಹಳೆಯ ಷರತ್ತನ್ನು 2020ರ ಮಾರ್ಗಸೂಚಿ ಕೈಬಿಟ್ಟಿದೆ. ಹಾಗಾಗಿ ಗೇಟಿನಿಂದ ವಿಭಾಗಕ್ಕೆ, ವಿಭಾಗದಿಂದ ಗ್ರಂಥಾಲಯಕ್ಕೆ ನಡೆದದ್ದೂ ವ್ಯರ್ಥವಲ್ಲ. 411 ಎಕರೆಯ ಆವರಣದಲ್ಲಿ ನಡೆಯಲು ಜಾಗಕ್ಕೇನು ಬರ?

ಸೈಕಲ್ಲಿನಿಂದ ಎಲ್ಲವೂ ಸಿಗುತ್ತದೆಂದು ಮಾತ್ರ ಭಾವಿಸಬಾರದು. ತೊಡೆ, ಹೃದಯ, ಶ್ವಾಸಕೋಶ ಗಟ್ಟಿಯಾಗುತ್ತವೆ. ತೋಳು, ಎದೆ, ಬೆನ್ನು ಹಾಗೆಯೇ ಉಳಿಯುತ್ತವೆ. ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ವಾರಕ್ಕೆ ಎರಡು ದಿನವಾದರೂ ಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ನಾನು ಅದಕ್ಕೆ ದಂಡ, ಬಸ್ಕಿಗಳನ್ನು ಇಟ್ಟುಕೊಂಡಿದ್ದೇನೆ. ಎಲುಬಿಗೆ ಮೈಭಾರ ಬೀಳಬೇಕಾದ್ದರಿಂದ ಭಾನುವಾರ ಪರ್ವತಿ ಗುಡ್ಡದ 103 ಮೆಟ್ಟಿಲುಗಳನ್ನು ಹತ್ತಿಳಿಯುತ್ತೇನೆ.

ಊರಿನಿಂದ ಹೊಸದಾಗಿ ಬರುವವರಿಗೆ ನಾನು ಹೇಳುವುದಿಷ್ಟು: ತರಗತಿ ಇರುವ ದಿನ ಆರಂಭಿಸಬೇಡಿ. ರಜೆಯ ದಿನ ಬೆಳಗ್ಗೆ ಏಳಕ್ಕೆ ಮುಂಚೆ ಅದೇ ದಾರಿಯಲ್ಲಿ ಒಮ್ಮೆ ಹೋಗಿ ಬನ್ನಿ. ಎಲ್ಲಿ ಗುಂಡಿಯಿದೆ, ಎಲ್ಲಿ ಸೈಕಲ್ ಪಥದ ಮೇಲೆ ಕಾರು ನಿಲ್ಲಿಸಿರುತ್ತಾರೆ, ಪಂಕ್ಚರ್ ಹಾಕುವ ಅಂಗಡಿ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ. ಏರಿನಲ್ಲಿ ಇಳಿದು ತಳ್ಳಬೇಕಾಗಿ ಬಂದರೆ ತಳ್ಳಿ, ಅದೂ ಶ್ರಮವೇ.