ಶಾಲೆ ವಾರ್ಷಿಕೋತ್ಸವದ ಫೋಟೊ: ಹಂಚುವ ಮುಂಚೆ ಇಷ್ಟು ಮಾಡಿ

ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ವಾರ್ಷಿಕೋತ್ಸವ, ಮಕ್ಕಳ ಸಂತೆ, ಛದ್ಮವೇಷ ಸಾಲಾಗಿ ಶುರುವಾಗುತ್ತವೆ. ವೇದಿಕೆ ಮುಂದೆ ಕೈಗಿಂತ ಮೊಬೈಲೇ ಜಾಸ್ತಿ ಕಾಣುತ್ತದೆ. ಶಾಮಿಯಾನ ಬಿಚ್ಚುವ ಮೊದಲೇ ಫೋಟೊಗಳು ಸ್ಟೇಟಸ್ಸು, ಫೇಸ್‌ಬುಕ್ಕು, ಊರಿನ ಗ್ರೂಪು ಎಲ್ಲ ಕಡೆ ಹೋಗಿರುತ್ತವೆ. ಪ್ರೀತಿಯಿಂದಲೇ ಹಾಕುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಮಗುವಿನ ಮುಖ, ಪೂರ್ತಿ ಹೆಸರು, ತರಗತಿ, ಶಾಲೆ, ಊರು ಎಲ್ಲವೂ ಒಂದೇ ಪೋಸ್ಟಿನಲ್ಲಿರುತ್ತವೆ. ವರ್ಷವರ್ಷವೂ ಇದನ್ನೇ ನೋಡುತ್ತಿದ್ದೇನೆ.

ಫೋಟೊ ಹಾಕಲೇಬಾರದು ಎಂದು ನಾನು ಹೇಳುವುದಿಲ್ಲ. ಮಕ್ಕಳು ಡೊಳ್ಳು ಬಾರಿಸಿದ್ದನ್ನು ಊರು ನೋಡಬೇಕು. ದುಬೈಯಲ್ಲಿ ದುಡಿಯುವ ಅಪ್ಪನೂ ನೋಡಬೇಕು. ನಿಯಮ ಒಂದೇ: ಮುಖ, ಹೆಸರು, ಜಾಗ ಈ ಮೂರೂ ಒಂದೇ ಕಡೆ ಸೇರಬಾರದು. ಎರಡನೇ ತರಗತಿಯ ಮಗುವಿಗೆ 'ಗುರುತಿಲ್ಲದವರ ಜೊತೆ ಹೋಗಬೇಡ' ಎಂದು ಹೇಳಿಕೊಟ್ಟಿರುತ್ತೇವೆ. ಆದರೆ ಗೇಟಿನ ಹತ್ತಿರ ನಿಂತವನು ಹೆಸರು ಹಿಡಿದು ಕರೆದು, 'ನಿನ್ನ ಕೋಲಾಟ ಚೆನ್ನಾಗಿತ್ತು' ಎಂದರೆ, ಆ ಮಗುವಿನ ಪಾಲಿಗೆ ಅವನು ಗುರುತಿನವನೇ ಅಲ್ವಾ?

ಹೆಜ್ಜೆ 1: ಒಪ್ಪಿಗೆ ಪತ್ರ

ಕಾರ್ಯಕ್ರಮಕ್ಕೆ ಎರಡು ವಾರ ಮುಂಚೆ ಮನೆಗೆ ಒಂದು ಹಾಳೆ ಕಳಿಸಿ. ಅದರಲ್ಲಿ ಮೂರು ಪ್ರಶ್ನೆ ಸಾಕು. ಫೋಟೊ ಶಾಲೆಯ ಆಲ್ಬಮ್ಮಿಗೆ ಸಾಕೇ? ತರಗತಿಯ ಗ್ರೂಪಿಗೂ ಹಾಕಬಹುದೇ? ಎಲ್ಲರಿಗೂ ಕಾಣುವ ಪುಟಕ್ಕೂ ಹಾಕಬಹುದೇ? ಮೂರಕ್ಕೂ ಬೇರೆಬೇರೆ ಟಿಕ್, ಕೆಳಗೆ ಸಹಿ. ದಾಖಲಾತಿ ಫಾರಂನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ತೆಗೆದುಕೊಂಡ ಒಪ್ಪಿಗೆಯನ್ನು ನಾನು ಒಪ್ಪಿಗೆ ಎಂದು ಎಣಿಸುವುದಿಲ್ಲ. 18 ವರ್ಷದೊಳಗಿನವರ ಡಿಜಿಟಲ್ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೇ ಇದೆ.

ಬೇಡ ಎಂದವರನ್ನು ಯಾಕೆ ಎಂದು ಕೇಳಬೇಡಿ. ಗಂಡನ ಹೊಡೆತ ತಾಳದೆ ತವರಿಗೆ ಬಂದು, ಮಗುವನ್ನು ಸದ್ದಿಲ್ಲದೆ ಹೊಸ ಶಾಲೆಗೆ ಸೇರಿಸಿದ ತಾಯಿ ಇರಬಹುದು. ಅವರಿಗೆ ಒಂದು ಫೋಟೊ ಎಂದರೆ ವಿಳಾಸ ಕೊಟ್ಟ ಹಾಗೆ. ಬೇಡ ಎಂದವರ ಮಗುವನ್ನು ನೃತ್ಯದಿಂದ ತೆಗೆಯುವುದೂ ತಪ್ಪು. ಜಾಗ ಬದಲಿಸಬೇಕಾದ್ದು ಫೋಟೊ ತೆಗೆಯುವವರು, ಮಗುವಲ್ಲ.

ಹೆಜ್ಜೆ 2: ಯಾರು ತೆಗೆಯಬೇಕು

ಶಾಲೆಯ ಪರವಾಗಿ ಇಬ್ಬರು ಮಾತ್ರ. ಉಳಿದ ಪೋಷಕರು ತಮ್ಮ ಮಗುವಿನದು ತೆಗೆದುಕೊಳ್ಳಲಿ, ಬೇರೆ ಮಕ್ಕಳಿರುವ ಫೋಟೊ ಹೊರಗೆ ಹಾಕಬೇಡಿ ಎಂದು ಶುರುವಿನಲ್ಲೇ ಮೈಕಿನಲ್ಲಿ ಹೇಳಿ. ಸ್ಟುಡಿಯೊದವರನ್ನು ಕರೆಸಿದ್ದರೆ, ಅವರು ತಮ್ಮ ಪುಟಕ್ಕೆ ಹಾಕುವಂತಿಲ್ಲ, ಲೈವ್ ಬಿಡುವಂತಿಲ್ಲ ಎಂದು ಮುಂಗಡ ಕೊಡುವಾಗಲೇ ಬರೆಸಿಕೊಳ್ಳಿ.

ಹೆಜ್ಜೆ 3: ಕ್ಯಾಮೆರಾ ಸೆಟ್ಟಿಂಗ್

ಲೊಕೇಶನ್ ಟ್ಯಾಗ್ (ಫೋಟೊ ತೆಗೆದ ಜಾಗವನ್ನು ಫೈಲಿನೊಳಗೆ ಬರೆದಿಡುವ ಸೆಟ್ಟಿಂಗ್) ಆಫ್, ಮೋಷನ್ ಫೋಟೊ (ಫೋಟೊ ಜೊತೆ ಕೆಲವು ಕ್ಷಣದ ವಿಡಿಯೊವನ್ನೂ ಉಳಿಸುವ ಸೆಟ್ಟಿಂಗ್) ಆಫ್.

ಹೆಜ್ಜೆ 4: ಫೋಟೊ ಶುಚಿ ಮಾಡುವುದು

ಎಲ್ಲರೂ ಎಡವುವುದು ಇಲ್ಲೇ. ಅದಕ್ಕೇ ಈ ಕೆಲಸವನ್ನು ಅದೇ ರಾತ್ರಿ ಮಾಡಬೇಡಿ. ದಣಿದ ಕಣ್ಣಿಗೆ ಏನೂ ಕಾಣುವುದಿಲ್ಲ. ಮರುದಿನ ಇಬ್ಬರು ಕೂತು, ಸಾಧ್ಯವಾದರೆ ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ನೋಡಿ.

ಮೊದಲು ಅಳಿಸಿ ಹಾಕಿ. ಬಟ್ಟೆ ಬದಲಿಸುವ ಕೋಣೆಯ ಫೋಟೊ ಒಂದೂ ಉಳಿಯಬಾರದು, 'ಮೇಕಪ್ ಮಾಡ್ತಿದ್ದದ್ದು ಅಷ್ಟೇ' ಎಂದರೂ ಸರಿಯೇ. ಕುಣಿಯುವಾಗ ಲಂಗ ಹಾರಿದ್ದು, ಕಬಡ್ಡಿಯಲ್ಲಿ ಚಡ್ಡಿ ಜಾರಿದ್ದು, ಮಗು ಅಳುತ್ತಿದ್ದದ್ದು ಎಲ್ಲ ತೆಗೆಯಿರಿ. ಫೋನಿನಲ್ಲಿ ಅಳಿಸಿದ್ದು ಟ್ರ್ಯಾಷ್‌ನಲ್ಲಿ ಇನ್ನೂ ಕೂತಿರುತ್ತದೆ. ಅದನ್ನೂ ಖಾಲಿ ಮಾಡಿ.

ಆಮೇಲೆ ಉಳಿದದ್ದರಲ್ಲಿ ಆರಿಸಿ. ನನ್ನ ಆಯ್ಕೆ ಯಾವಾಗಲೂ ದೂರದಿಂದ ತೆಗೆದ ಗುಂಪಿನ ಫೋಟೊ, ಹಿಂದಿನಿಂದ ತೆಗೆದದ್ದು, ಇಲ್ಲವೇ ಕೈ-ಕಾಲು, ಗೆಜ್ಜೆ, ಬಣ್ಣದ ಫೋಟೊ. ಮಕ್ಕಳ ಸಂತೆಯಲ್ಲಿ ಪುಟ್ಟ ಕೈ ತಕ್ಕಡಿಯಲ್ಲಿ ಟೊಮೆಟೊ ತೂಗುತ್ತಿರುವ ಒಂದು ಫೋಟೊ ಸಾಕು, ಸಂತೆಯ ಸಂಭ್ರಮ ಪೂರ್ತಿ ಗೊತ್ತಾಗುತ್ತದೆ. ಮೀಸೆ, ಪೇಟ, ದಪ್ಪ ಬಣ್ಣದ ಪುಟಾಣಿ ಸಂಗೊಳ್ಳಿ ರಾಯಣ್ಣನನ್ನು ಮನೆಯವರು ಗುರುತಿಸುತ್ತಾರೆ, ಬೇರೆಯವರಿಗೆ ಕಷ್ಟ. ಅಂಥದ್ದಕ್ಕೆ ಆದ್ಯತೆ ಕೊಡಿ.

ಈಗ ಪ್ರತಿ ಫೋಟೊವನ್ನೂ ಹಿಗ್ಗಿಸಿ, ನಾಲ್ಕೂ ಮೂಲೆ ನೋಡಿ. ಕೊರಳಿನ ಐಡಿ ಕಾರ್ಡ್ ಮೊದಲು ನೋಡಬೇಕಾದ್ದು. ಎಷ್ಟೋ ಶಾಲೆಗಳ ಕಾರ್ಡಿನಲ್ಲಿ ಹೆಸರು, ಅಪ್ಪನ ಫೋನ್ ನಂಬರು, ಮನೆ ವಿಳಾಸ ಎಲ್ಲ ಅಚ್ಚಾಗಿರುತ್ತದೆ. ಈಗಿನ ಫೋನಿನಲ್ಲಿ ಹಿಗ್ಗಿಸಿದರೆ ಅಕ್ಷರ ಅಕ್ಷರ ಓದಬಹುದು. ವೇದಿಕೆ ಹತ್ತುವ ಮೊದಲೇ ಕಾರ್ಡುಗಳನ್ನು ಬಿಚ್ಚಿಸಿ ಒಂದು ಡಬ್ಬಿಗೆ ಹಾಕಿಸಿದರೆ ಈ ತಲೆನೋವೇ ಇಲ್ಲ. ಹಿಂದಿನ ಬ್ಯಾನರಿನಲ್ಲಿ ಶಾಲೆಯ ಹೆಸರು, ತಾಲ್ಲೂಕು ಇದ್ದೇ ಇರುತ್ತದೆ. ಶಾಲಾ ವ್ಯಾನಿನ ನಂಬರು, ರೂಟಿನ ಬೋರ್ಡು, ಗೋಡೆಗೆ ಅಂಟಿಸಿದ ವಿದ್ಯಾರ್ಥಿಗಳ ಪಟ್ಟಿ ಇವನ್ನೂ ಬಿಡಬೇಡಿ.

ಎಲ್ಲಕ್ಕಿಂತ ಕೆಟ್ಟದ್ದು ಪ್ರಮಾಣಪತ್ರ ಹಿಡಿದು ನಿಂತ ಫೋಟೊ. ಮುಖ, ಹೆಸರು, ತರಗತಿ, ಶಾಲೆ ಎಲ್ಲ ಒಂದೇ ಚೌಕಟ್ಟಿನಲ್ಲಿ. ಪ್ರತಿಭಾ ಕಾರಂಜಿ ಮುಗಿದ ಮೇಲೆ ಇವು ಸಾಲುಸಾಲಾಗಿ ಬರುತ್ತವೆ. ಮಗುವಿನ ಕೈಗೆ ಪದಕವನ್ನೋ ಕಪ್ಪನ್ನೋ ಕೊಟ್ಟು ಫೋಟೊ ತೆಗೆಯಿರಿ. ಪತ್ರದ ಫೋಟೊ ಅಜ್ಜ-ಅಜ್ಜಿಗೆ ನೇರವಾಗಿ ಕಳಿಸಿದರೆ ಸಾಕು.

ಮುಚ್ಚುವ ರೀತಿ ಮುಖ್ಯ. ಹೈಲೈಟರ್ ಪೆನ್ನಿನಿಂದ ಗೀಚಬೇಡಿ. ಅದು ಪಾರದರ್ಶಕ, ಬೆಳಕು ಹೆಚ್ಚಿಸಿದರೆ ಕೆಳಗಿನ ಅಕ್ಷರ ಮತ್ತೆ ಕಾಣುತ್ತದೆ. ತೆಳುವಾಗಿ ಹಾಕಿದ ಮಸುಕನ್ನೂ (ಬ್ಲರ್) ನಾನು ನಂಬುವುದಿಲ್ಲ. ಗಟ್ಟಿ ಬಣ್ಣದ ಚೌಕ ಇಡಿ, ಅಥವಾ ಆ ಭಾಗವನ್ನೇ ಕತ್ತರಿಸಿ. ಒಪ್ಪಿಗೆ ಇಲ್ಲದ ಮಗು ಅಂಚಿನಲ್ಲಿದ್ದರೆ ಕತ್ತರಿಸುವುದೇ ಸರಿ. ನಡುವೆ ಇದ್ದರೆ ಆ ಫೋಟೊ ಬಿಟ್ಟುಬಿಡಿ. ಹತ್ತು ನಗುವ ಮುಖಗಳ ನಡುವೆ ಒಂದೇ ಮುಖಕ್ಕೆ ಕಪ್ಪು ಬಳಿದರೆ ಆ ಮಗುವಿಗೆ ಹೇಗನಿಸಬೇಡ?

ಎಲ್ಲ ಆದ ಮೇಲೆ ತಿದ್ದಿದ ಫೋಟೊದ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಹಂಚಿ. ಹಲವು ಗ್ಯಾಲರಿ ಆ್ಯಪ್‌ಗಳಲ್ಲಿ ಕತ್ತರಿಸಿದ್ದನ್ನು ಮತ್ತೆ ಮೊದಲಿನಂತೆ ಮಾಡಬಹುದು. ಸ್ಕ್ರೀನ್‌ಶಾಟಿನಲ್ಲಿ ಮೂಲ ಭಾಗವೂ ಇರುವುದಿಲ್ಲ, ಫೋಟೊ ತೆಗೆದ ಜಾಗದ ಮಾಹಿತಿಯೂ ಇರುವುದಿಲ್ಲ. ವಾಟ್ಸ್‌ಆ್ಯಪ್ ಮಾಮೂಲಾಗಿ ಕಳಿಸಿದ ಫೋಟೊದಿಂದ ಆ ಮಾಹಿತಿ ತೆಗೆಯುತ್ತದೆ. ಆದರೆ ಕ್ಲಾರಿಟಿ ಬೇಕು ಎಂದು 'ಡಾಕ್ಯುಮೆಂಟ್' ಮಾಡಿ ಕಳಿಸಿದರೆ ಅದು ಹಾಗೇ ಹೋಗುತ್ತದೆ. ಫೋಟೊ ಶುಚಿ ಮಾಡಿಕೊಡುತ್ತೇವೆ, ಮುಖವನ್ನು ಕಾರ್ಟೂನ್ ಮಾಡಿಕೊಡುತ್ತೇವೆ ಎನ್ನುವ ಉಚಿತ ಆ್ಯಪ್‌ಗಳಂತೂ ಬೇಡವೇ ಬೇಡ. ಮುಚ್ಚಬೇಕಾದ ಮುಖವನ್ನು ಮೊದಲು ಅವರ ಸರ್ವರಿಗೆ ಕೊಟ್ಟು ಏನು ಪ್ರಯೋಜನ?

ವಿಡಿಯೊ ಆದರೆ ಕಿವಿಯನ್ನೂ ಬಳಸಿ. 'ಈಗ ವೇದಿಕೆಗೆ ಮೂರನೇ ತರಗತಿಯ...' ಎಂದು ನಿರೂಪಕರು ಹೆಸರು, ಅಪ್ಪ-ಅಮ್ಮನ ಹೆಸರು ಎಲ್ಲ ಹೇಳಿರುತ್ತಾರೆ. ಆ ತುಣುಕು ಕತ್ತರಿಸಿ, ಹಾಡು ಶುರುವಾದಲ್ಲಿಂದ ಇಟ್ಟುಕೊಳ್ಳಿ.

ಹೆಜ್ಜೆ 5: ಎಲ್ಲಿ ಹಾಕಬೇಕು

ತರಗತಿಯ ವಾಟ್ಸ್‌ಆ್ಯಪ್ ಗ್ರೂಪು ಪರವಾಗಿಲ್ಲ. ಆದರೆ ಪ್ರತಿ ಜೂನ್‌ನಲ್ಲಿ ಸದಸ್ಯರ ಪಟ್ಟಿ ನೋಡಿ, ಶಾಲೆ ಬಿಟ್ಟುಹೋದವರನ್ನು ತೆಗೆಯಿರಿ. ಹೊಸಬರು ಸೇರಲು ಅಡ್ಮಿನ್ ಒಪ್ಪಿಗೆ ಬೇಕು ಎಂಬ ಸೆಟ್ಟಿಂಗ್ ಹಾಕಿ. ಗ್ರೂಪಿನ ಲಿಂಕ್ ಎಲ್ಲಾದರೂ ಹಂಚಿದ್ದರೆ ರೀಸೆಟ್ ಮಾಡಿ. ಅಡ್ವಾನ್ಸ್ಡ್ ಚಾಟ್ ಪ್ರೈವೆಸಿ ಆನ್ ಮಾಡಿದರೆ ಫೋಟೊಗಳು ಎಲ್ಲರ ಗ್ಯಾಲರಿಗೂ ತಾವಾಗಿಯೇ ಇಳಿಯುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆಯುವುದನ್ನು ಅದು ತಡೆಯುವುದಿಲ್ಲ, ಅದು ನೆನಪಿರಲಿ.

ಯೂಟ್ಯೂಬಿಗೆ ವಿಡಿಯೊ ಹಾಕಲೇಬೇಕಾದರೆ 'ಅನ್‌ಲಿಸ್ಟೆಡ್' ಆರಿಸಿ, ಕಾಮೆಂಟ್ ಆಫ್ ಮಾಡಿ, ತಿಂಗಳಾದ ಮೇಲೆ ತೆಗೆದುಬಿಡಿ. ಅನ್‌ಲಿಸ್ಟೆಡ್ ಎಂದರೆ ಹುಡುಕಿದರೆ ಸಿಗುವುದಿಲ್ಲ ಅಷ್ಟೇ, ಲಿಂಕ್ ಸಿಕ್ಕ ಯಾರು ಬೇಕಾದರೂ ಅದನ್ನು ನೋಡಬಹುದು.

ಶಾಲೆಯ ಫೇಸ್‌ಬುಕ್ ಪುಟದಲ್ಲಿ 'ನಮ್ಮ ನಾಲ್ಕನೇ ತರಗತಿಯ ಮಕ್ಕಳ ಕೋಲಾಟ' ಎಂಬ ಒಂದು ಸಾಲು ಸಾಕು. ಪುಟದ ಹೆಸರಿನಲ್ಲೇ ಜಾಗ ಇದೆ, ಫೋಟೊದಲ್ಲಿ ಮುಖ ಇದ್ದರೆ ಹೆಸರು ಬರಲೇಬಾರದು. ಪೋಷಕರನ್ನು ಟ್ಯಾಗ್ ಮಾಡಬೇಡಿ. ಟ್ಯಾಗ್ ಒತ್ತಿದರೆ ತಾಯಿಯ ಪ್ರೊಫೈಲ್, ಅಲ್ಲಿಂದ ಮಗುವಿನ ಹುಟ್ಟುಹಬ್ಬದ ಫೋಟೊ, ಮನೆಯ ಬೀದಿ ಎಲ್ಲ ಸಿಗುತ್ತದೆ. ಚಿಕ್ಕಮ್ಮ ಪ್ರೀತಿಯಿಂದ ಹೆಸರು ಹಿಡಿದು ಕಾಮೆಂಟ್ ಹಾಕಿದರೂ ಅಷ್ಟೇ. ಕಾಮೆಂಟ್ ತೆಗೆದು, ಅವರಿಗೆ ಫೋನ್ ಮಾಡಿ ತಿಳಿಸಿ.

ಹೆಜ್ಜೆ 6: ಮನೆಯವರ ಪಾಲು

ನಿಮ್ಮ ಸ್ಟೇಟಸ್ಸನ್ನು ಯಾರ್‍ಯಾರು ನೋಡುತ್ತಾರೆ ಎಂದು ಒಮ್ಮೆ ಪರೀಕ್ಷಿಸಿ. ಗ್ಯಾಸ್ ಏಜೆನ್ಸಿಯವರು, ಹಳೆಯ ಬಾಡಿಗೆದಾರರು ಎಲ್ಲ ಫೋನಿನಲ್ಲಿರುತ್ತಾರೆ. 'ಇವರಿಗೆ ಮಾತ್ರ' ಎಂಬ ಆಯ್ಕೆಯಲ್ಲಿ ಮನೆಯವರನ್ನಷ್ಟೇ ಸೇರಿಸಿ. ಕೃಷ್ಣ ಜನ್ಮಾಷ್ಟಮಿಗೆ ಬರುವ ಮುದ್ದು ಕೃಷ್ಣ ಫೋಟೊ ಸ್ಪರ್ಧೆಗಳಲ್ಲಿ ಮಗುವಿನ ಹೆಸರು, ವಯಸ್ಸು, ಊರು ಕೇಳಿ, ಲೈಕ್ ಜಾಸ್ತಿ ಬಂದವರಿಗೆ ಬಹುಮಾನ ಎನ್ನುವುದುಂಟು. ಅಂಥದ್ದಕ್ಕೆ ಮಗುವಿನ ಫೋಟೊ ಕೊಡಬೇಡಿ. ಲೈಕಿಗಾಗಿ ನೀವೇ ಅದನ್ನು ಊರೂರಿಗೆ ಹಂಚಬೇಕಾಗುತ್ತದೆ.

ಮಗುವನ್ನೂ ಕೇಳಿ. 'ಇದನ್ನು ಅತ್ತೆಗೆ ಕಳಿಸಲಾ?' ಎಂದರೆ ಆರು ವರ್ಷದವರೂ ಸ್ಪಷ್ಟವಾಗಿ ಹೇಳುತ್ತಾರೆ. ಬೇಡ ಎಂದರೆ ಬೇಡ. ಇನ್ನು ಮಕ್ಕಳ ಹೆಸರಿನಲ್ಲೇ ಇನ್‌ಸ್ಟಾಗ್ರಾಂ ಖಾತೆ ತೆರೆಯುವ ವಿಷಯ: 13 ವರ್ಷ ಆಗುವವರೆಗೆ ಆ ಕಂಪನಿಯ ನಿಯಮವೇ ಅವರಿಗೆ ಸ್ವಂತ ಖಾತೆ ಕೊಡುವುದಿಲ್ಲ. ಸುಳ್ಳು ಹುಟ್ಟಿದ ವರ್ಷ ಕೊಟ್ಟು ತೆರೆದುಕೊಡಬೇಡಿ.

ಹೆಜ್ಜೆ 7: ಏನಾದರೂ ಆಗಿಬಿಟ್ಟರೆ

ಫೋಟೊ ಕದ್ದು ಬೇರೆ ಹೆಸರಿನಲ್ಲಿ ಹಾಕಿದ್ದರೆ, ಆ ಖಾತೆಯ ಲಿಂಕ್ ಮತ್ತು ದಿನಾಂಕ ಬರೆದಿಟ್ಟುಕೊಂಡು ಅಲ್ಲೇ ರಿಪೋರ್ಟ್ ಮಾಡಿ. ಅಶ್ಲೀಲವಾಗಿ ತಿರುಚಿದ್ದರೆ ಅದನ್ನು 'ನೋಡಿ ಹೀಗಾಗಿದೆ' ಎಂದು ಯಾರಿಗೂ ಫಾರ್ವರ್ಡ್ ಮಾಡಬೇಡಿ, ಫೋನಿನಲ್ಲಿ ಉಳಿಸಿಕೊಳ್ಳಲೂ ಬೇಡಿ. ಹಾಗೆ ಹಂಚುವುದು ಅಪರಾಧ. ಲಿಂಕ್ ಮಾತ್ರ ಇಟ್ಟುಕೊಂಡು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಅಲ್ಲಿ ಮಹಿಳೆಯರು ಮತ್ತು ಮಕ್ಕಳ ವಿರುದ್ಧದ ಅಪರಾಧಗಳಿಗೆ ಬೇರೆ ವಿಭಾಗವೇ ಇದೆ. ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಇರುತ್ತದೆ. ಯಾರಾದರೂ ಮಗುವನ್ನು ಹಿಂಬಾಲಿಸುತ್ತಿದ್ದಾರೆ ಎನಿಸಿದರೆ ಕಾಯದೆ 112ಕ್ಕೆ ಕರೆ ಮಾಡಿ. ಮುಖ್ಯಶಿಕ್ಷಕರಿಗೂ ಎಸ್‌ಡಿಎಂಸಿ ಅಧ್ಯಕ್ಷರಿಗೂ ಅದೇ ದಿನ ಬರವಣಿಗೆಯಲ್ಲಿ ತಿಳಿಸಿ, ಮೂಲ ಫೋಟೊವನ್ನು ಶಾಲೆಯ ಪುಟದಿಂದ ತೆಗೆಸಿ. ದೂರಿನ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಠಾಣೆಯಲ್ಲಿ ಮುಂದೆ ವಿಚಾರಿಸುವಾಗ ಅದು ಬೇಕಾಗುತ್ತದೆ.